ಎಂಟನೆಯ ಹೆಗಲು

ಗೊರಿಲ್ಲಾಗಳು ಅಂದು ಬೇಗ ಸಿಕ್ಕವು. ಹತ್ತು ಗಂಟೆಗೆಲ್ಲ ಮುಂದಿನಿಂದ ಸುದ್ದಿ ಬಂತು. ಪ್ರವಾಸಿಗಳು ಕೋಲು, ಚೀಲಗಳನ್ನು ಹೊರುವವರ ಬಳಿ ಬಿಟ್ಟು, ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಹಾಕಿಕೊಂಡು, ಗೈಡಿನ ಹಿಂದೆ ಒಬ್ಬೊಬ್ಬರಾಗಿ ಪೊದೆಯೊಳಗೆ ನುಸುಳಿದರು. ಚೀಲ ಹೊರುವವರು ಎಂದಿನಂತೆ ಇತ್ತಲೇ ಉಳಿದರು. ಅಲ್ಲಿಂದ ಮುಂದೆ ಹೋಗಲು ಅವರಿಗೆ ಅಪ್ಪಣೆಯಿಲ್ಲ. ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದ ಕ್ಯೋಶಾಬಿರೆ ಗೊರಿಲ್ಲಾವನ್ನು ಕಣ್ಣಾರೆ ಕಂಡದ್ದು ಎರಡೇ ಸಲ. ಅದೂ ಅವು ಕಾಡಿನ ಅಂಚು ದಾಟಿ ಇವರ ಬಾಳೆ ಮುರಿಯಲು ಬಂದಾಗ.

ಅವಳ ಪಾಲಿಗೆ ಅಂದು ಬಂದಿದ್ದವನು ಎತ್ತರದ, ದಪ್ಪ ದೇಹದ ಒಬ್ಬ ಮುದುಕ. ಗೇಟಿನಲ್ಲಿ ಚೀಲ ಕೊಡುವಾಗ ಒಳಗಿನಿಂದ ನೀರಿನ ಎರಡು ದೊಡ್ಡ ಬಾಟಲಿಗಳನ್ನು ತೆಗೆದು ತನ್ನ ಕೋಟಿನ ಜೇಬಿಗೆ ತುರುಕಿಕೊಂಡಿದ್ದ, ಅವಳಿಗೆ ಭಾರ ಕಡಿಮೆಯಾಗಲಿ ಎಂದು. ಹಾಗೆ ಮಾಡಿದವರನ್ನು ಅವಳು ಕಂಡಿದ್ದು ಕಡಿಮೆ. ಬೇರೆ ದಿನವಾಗಿದ್ದರೆ ಅದೊಂದೇ ಸಾಕಿತ್ತು, ದಿನವಿಡೀ ಮನಸ್ಸು ಹಗುರವಾಗಿರಲು. ಆದರೆ ಇಂದು ಅವಳು ಮರಗಳ ಸಂದಿಯಲ್ಲಿ ಬಿಸಿಲು ಎಷ್ಟು ಏರಿತು ಎಂದು ನೋಡುತ್ತಲೇ ಇದ್ದಳು.

ಕೆಳಗೆ ರಸ್ತೆಬದಿಯ ಆಸ್ಪತ್ರೆಗೆ ಕಣ್ಣಿನ ಡಾಕ್ಟರುಗಳು ಬಂದಿದ್ದರು. ಎರಡು ದಿನ ಪರೀಕ್ಷೆ ಮಾಡಿ ಹೆಸರು ಬರೆದುಕೊಳ್ಳುತ್ತಾರೆ, ಮೂರನೆಯ ದಿನ ಪೊರೆ ತೆಗೆಯುತ್ತಾರೆ. ನಿನ್ನೆ ಮೊದಲ ದಿನ. ಇಂದು ಸಂಜೆ ನಾಲ್ಕಕ್ಕೆ ಪುಸ್ತಕ ಮುಚ್ಚುತ್ತದೆ. ಹಿಂದೆ ಅವರು ಬಂದದ್ದು ಐದು ವರ್ಷದ ಕೆಳಗೆ. ಮುಂದೆ ಯಾವಾಗ ಬರುತ್ತಾರೋ ಯಾರಿಗೂ ತಿಳಿಯದು. ಅವಳ ಅತ್ತೆ ಪೆರಗಿಯಳ ಎರಡು ಕಣ್ಣುಗಳಿಗೂ ಪೊರೆ ಬಂದಿತ್ತು. ಎರಡು ವರ್ಷದ ಹಿಂದೆ ಅಂಗಳದಲ್ಲಿ ಜಾರಿ ಬಿದ್ದು ಮುರಿದ ಸೊಂಟ ಸೊಟ್ಟಗೆ ಕೂಡಿಕೊಂಡಿತ್ತು. ಕೋಲು ಹಿಡಿದು ಅಂಗಳದ ಅಂಚಿನವರೆಗೆ ಹೋಗುತ್ತಾಳೆ, ಅಲ್ಲಿಂದ ತಿರುಗಿ ಬರುತ್ತಾಳೆ. ಅಷ್ಟೇ ಅವಳ ಲೋಕ.

ಮನೆ ಇದ್ದದ್ದು ಕಾಶಾಂಡ ಗುಡ್ಡದ ನೆತ್ತಿಯಲ್ಲಿ. ಹಿಂದೆ ಕಾಡಿನ ಗಡಿ, ಮಿಕ್ಕ ಮೂರು ಕಡೆ ಇಳಿಜಾರು. ಬಾಗಿಲಿಗೆ ಬೀಗವಿಲ್ಲ, ಅಂಗಳಕ್ಕೆ ಬೇಲಿಯಿಲ್ಲ, ಆದರೂ ಅಲ್ಲಿಂದ ಹೊರಗೆ ಬರಲು ದಾರಿಯಿರಲಿಲ್ಲ. ನಿನ್ನೆ ಕ್ಯೋಶಾಬಿರೆ ಅತ್ತೆಯನ್ನು ಕೂಸು ಕಟ್ಟಿಕೊಳ್ಳುವ ಹಾಗೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಹೊರಟಿದ್ದಳು. ಎರಡನೆಯ ತಿರುವಿನಲ್ಲಿ ಕಾಲು ಜಾರಿ ಇಬ್ಬರೂ ಗೆಣಸಿನ ಪಾತಿಯ ಮೇಲೆ ಬಿದ್ದರು. ಮಣ್ಣಿನಲ್ಲಿ ಬಿದ್ದಲ್ಲೇ ಪೆರಗಿಯ ನಕ್ಕು, "ಸಾಕು ಬಿಡು ಮಗಳೆ, ಗೆಣಸು ಹಾಳಾಗುತ್ತೆ" ಎಂದಳು. ಮತ್ತೆ ಮೇಲಕ್ಕೆ ಹೊತ್ತು ತರುವಾಗ ಕ್ಯೋಶಾಬಿರೆಗೆ ಅಳು ಬಂದಿತ್ತು. ಬೆನ್ನ ಮೇಲಿದ್ದವಳಿಗೆ ಅದು ಗೊತ್ತಾಗಲಿಲ್ಲ, ಅಥವಾ ಗೊತ್ತಾದರೂ ಹೇಳಲಿಲ್ಲ.

ರಸ್ತೆಯಿಲ್ಲದ ಆ ಗುಡ್ಡಗಳಲ್ಲಿ ಕಾಯಿಲೆಯವರು ಕೆಳಗಿಳಿಯುವುದು ಎಂಗೋಜಿಯಲ್ಲಿ: ಎರಡು ಬಿದಿರುಗಳ ನಡುವೆ ಹೆಣೆದ ಬುಟ್ಟಿ, ಹೊರಲು ಒಮ್ಮೆಗೆ ನಾಲ್ಕು ಜನ, ಹೆಗಲು ಬದಲಿಸಲು ಮತ್ತೆ ನಾಲ್ಕು ಜನ. ಪ್ರತಿ ಗುಡ್ಡಕ್ಕೂ ಒಂದು ಎಂಗೋಜಿ ಸಂಘ. ಕೊಂಬು ಕೂಗಿದ ಕೂಡಲೇ ಆ ವಾರ ಸರದಿಯಿದ್ದ ಎಂಟು ಮನೆಗಳಿಂದ ಒಬ್ಬೊಬ್ಬ ಗಂಡಸು ಓಡಿ ಬರಬೇಕು. ಮೂರು ಸಲ ಬಾರದವನ ಮನೆ ಸಂಘದಿಂದ ಹೊರಗೆ. ಆಮೇಲೆ ಆ ಮನೆಯವರಿಗೆ ಹೆರಿಗೆಯಾಗಲಿ, ಹಾವು ಕಚ್ಚಲಿ, ಯಾರೂ ಹೆಗಲು ಕೊಡುವುದಿಲ್ಲ. ಬೈಯುವುದಿಲ್ಲ, ಜಗಳವಾಡುವುದಿಲ್ಲ, ದಾರಿಯಲ್ಲಿ ಸಿಕ್ಕರೆ ಕ್ಷೇಮ ಕೇಳುತ್ತಾರೆ. ಹೊರುವುದಿಲ್ಲ, ಅಷ್ಟೇ.

ಕ್ಯೋಶಾಬಿರೆಯ ಗಂಡ ಎರಿಸ ಎರಡು ಸಲ ತಪ್ಪಿಸಿದ್ದ. ಮೂರನೆಯ ಸಲ ಕೊಂಬು ಕೂಗಿದ್ದು ಒಂಬತ್ತು ವರ್ಷದ ಹಿಂದೆ, ಸಂಘದ ಮುಖ್ಯಸ್ಥ ಫೆನೆಕಾಸಿಯ ಹೆಂಡತಿ ಜೆರೆಸಿಗೆ ಹೆರಿಗೆ ಕಷ್ಟವಾದಾಗ. ಅಂದೂ ಎರಿಸ ಬರಲಿಲ್ಲ, ಸೇರಿದ್ದು ಏಳೇ ಜನ. ಬದಲಿಸಲು ಒಂದು ಹೆಗಲು ಕಡಿಮೆ. ಮತ್ತೆ ಮತ್ತೆ ಇಳಿಸಿ, ಎತ್ತಿ, ಹಳ್ಳದ ಹತ್ತಿರ ಬರುವಷ್ಟರಲ್ಲಿ ಜೆರೆಸಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಎರಿಸ ಆ ವರ್ಷವೇ ಊರು ಬಿಟ್ಟ. ಈಗ ಎಲ್ಲೋ ಪಟ್ಟಣದಲ್ಲಿ ಬೇರೆ ಸಂಸಾರ ಹೂಡಿದ್ದಾನೆ ಎಂದು ಕೇಳಿದ್ದರು.

ಹೀಗೆ ಅವನ ತಪ್ಪು ಇಬ್ಬರು ಹೆಂಗಸರ ಮನೆಯಲ್ಲಿ ಉಳಿದುಕೊಂಡಿತ್ತು.

ಇಂದು ಚೀಲ ಹೊರುವ ಸರದಿ ಬಿಡಬಹುದಿತ್ತು. ಕ್ಯೋಶಾಬಿರೆ ಬಿಡದೆ ಬಂದದ್ದಕ್ಕೆ ಕಾರಣ, ಗೇಟಿನಲ್ಲಿ ಫೆನೆಕಾಸಿ ಸಿಗುತ್ತಾನೆ ಎಂಬುದು. ಸಂಘದ ಗಂಡಸರು ಈಗ ಕಾಡಿನ ಗೇಟಿನಲ್ಲೂ ಕೆಲಸ ಮಾಡುತ್ತಿದ್ದರು. ನಡೆಯಲಾರದ ಪ್ರವಾಸಿಗಳಿಗಾಗಿ ಬಿದಿರುಗಳ ನಡುವೆ ಒಂದು ಕುರ್ಚಿ ಕಟ್ಟಿದ್ದರು. ಅದಕ್ಕೆ ಹೆಲಿಕಾಪ್ಟರ್ ಎಂದು ಹೆಸರು. ಕೇಳಲೇಬೇಕು ಎಂದು ಬೆಳಿಗ್ಗೆ ಅವನ ಎದುರಿಗೆ ಹೋಗಿ ನಿಂತಿದ್ದಳು. ಅವನು, "ಹೇಗಿದೀರಿ ನ್ಯಾಬೊ, ಮನೇಲಿ ಮುಕಾಕ ಹೇಗಿದಾಳೆ?" ಎಂದು ಕೇಳಿದ. ಗುಡ್ಡದವರಿಗೆಲ್ಲ ಪೆರಗಿಯ ಮುಕಾಕ, ಅಂದರೆ ಅಜ್ಜಿ. ಆದರೆ ಮೊದಲು ತಂಗಿ ಎನ್ನುತ್ತಿದ್ದವನು ಈಗ ಹೊರಗಿನವರನ್ನು ಕರೆಯುವಂತೆ ನ್ಯಾಬೊ, ಅಮ್ಮಾವ್ರೆ, ಎಂದದ್ದೇ ಅವಳ ಬಾಯಿ ಕಟ್ಟಿತು. ತಾನೂ ಅಪರಿಚಿತ ಗಂಡಸರನ್ನು ಕರೆಯುವಂತೆ "ಇದಾರೆ ಸೆಬೊ" ಎಂದಷ್ಟೇ ಹೇಳಿ ಚೀಲದ ಸಾಲಿಗೆ ಹೋಗಿ ನಿಂತಿದ್ದಳು.

ಗೊರಿಲ್ಲಾ ನೋಡಿ ಬಂದ ಮುದುಕನ ಮುಖ ಅರಳಿತ್ತು. ಅವಳಿಗೆ ಏನೋ ಹೇಳಲು ಹೋಗಿ ಮಾತು ಸಿಗದೆ ಎರಡೂ ಕೈಯಿಂದ ತನ್ನ ಎದೆ ಮುಟ್ಟಿ ತೋರಿಸಿದ. ನೀನು ಪುಣ್ಯವಂತ ಎಂಬಂತೆ ಅವಳು ತಲೆಯಾಡಿಸಿದಳು. ಹಿಂದಿರುಗುವಾಗ, ಒಂದು ತೊರೆಯ ಬಳಿ, ಒದ್ದೆ ಬೇರಿನ ಮೇಲೆ ಕಾಲಿಟ್ಟು ಅವನು ತಿರುಚಿ ಬಿದ್ದ. ಮಂಡಿ ನೋಡನೋಡುತ್ತಲೇ ಊದಿಕೊಂಡಿತು. ಗೈಡ್ ಮಿಕ್ಕವರನ್ನು ಕಾವಲುಗಾರರ ಜೊತೆ ಮುಂದೆ ಕಳಿಸಿ ವೈರ್‌ಲೆಸ್‌ನಲ್ಲಿ ಗೇಟಿಗೆ ಕರೆದ. ಒಂದು ಗಂಟೆಯಲ್ಲಿ ಹನ್ನೆರಡು ಗಂಡಸರು ಹೆಲಿಕಾಪ್ಟರ್ ಹೊತ್ತು ಬಂದರು.

"ಎಲ್ಲಿ ನಮ್ಮ ಪ್ಯಾಸೆಂಜರು?" ಎಂದ ಬರಿಗ್ಯೆ. ಅವನಿಗೆ ಬಾಯಿ ಸುಮ್ಮನಿರುವುದೇ ಗೊತ್ತಿಲ್ಲ. ಮುದುಕನನ್ನು ನೋಡಿ, "ಅಯ್ಯೋ ದೇವರೆ, ಇವನು ಗೊರಿಲ್ಲಾ ನೋಡೋಕೆ ಹೋದ್ನೋ ಅದರ ಊಟಾನೂ ಮಾಡ್ಕೊಂಡು ಬಂದ್ನೋ" ಎಂದ.

"ನಗಬೇಡ್ರೋ," ಎಂದ ಎಲ್ಡಾದಿ. ಅವನು ಸಂಘದ ಹಿರಿಯ, ಎಲ್ಲದರಲ್ಲೂ ಕಟ್ಟುನಿಟ್ಟು. "ಹಿಂದಿನ ಕಂಬ ಹೊರೋನು ನಾನು. ಬಿದ್ರೆ ಇವನು ನನ್ನ ಮೇಲೇ ಬೀಳೋದು."

ಫೆನೆಕಾಸಿ ನಗಲಿಲ್ಲ. ಮುದುಕನನ್ನು ಕೂರಿಸಿ, ಸೊಂಟದ ಪಟ್ಟಿಯನ್ನು ತಾನೇ ಬಿಗಿದು, ಊದಿದ ಕಾಲಿನ ಕೆಳಗೆ ಮಡಚಿದ ಕಂಬಳಿ ಇಟ್ಟ. ಯಾರನ್ನು ಹೊತ್ತರೂ ಪಟ್ಟಿ ಬಿಗಿಯುವುದು ಅವನೇ, ಒಂಬತ್ತು ವರ್ಷದಿಂದಲೂ.

ಹೊರಟರು. ನಾಲ್ವರು ಹೊರುತ್ತಿದ್ದಂತೆ ಇನ್ನು ನಾಲ್ವರು ಪಕ್ಕದಲ್ಲಿ, ಮತ್ತೆ ನಾಲ್ವರು ಹಿಂದೆ. ನೂರು ಹೆಜ್ಜೆಗೊಮ್ಮೆ ಫೆನೆಕಾಸಿ "ಬದಲಿಸಿ" ಎನ್ನುತ್ತಾನೆ. ಕಂಬ ಒಂದು ಹೆಗಲಿನಿಂದ ಇನ್ನೊಂದಕ್ಕೆ ಜಾರುತ್ತದೆ, ಕುರ್ಚಿ ನಿಲ್ಲುವುದೇ ಇಲ್ಲ. ಏರು ದಾರಿಯಲ್ಲಿ ಬರಿಗ್ಯೆ ಹಾಡು ಎತ್ತಿದ:

"ಇವನ ಹೆಂಡ್ತಿ ಬಾಣಲೆ ಎಷ್ಟು ದೊಡ್ಡದೋ..."

ಮಿಕ್ಕವರು "ದೊಡ್ಡದೋ, ದೊಡ್ಡದೋ" ಎಂದರು. ಮುದುಕ ಅದು ತನ್ನ ಸ್ವಾಗತದ ಹಾಡೆಂದು ತಿಳಿದು ಚಪ್ಪಾಳೆ ತಟ್ಟಿದ. ನಗು ತಡೆಯಲಾರದೆ ಎಲ್ಡಾದಿಯ ಹೆಜ್ಜೆಯೂ ತಪ್ಪಿತು. ಹಿಂದೆ ಚೀಲ ಹೊತ್ತು ಬರುತ್ತಿದ್ದ ಕ್ಯೋಶಾಬಿರೆಗೆ ಆ ಹನ್ನೆರಡು ಬೆನ್ನುಗಳನ್ನು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ದೂರದ ದೇಶದ, ಹೆಸರೂ ಗೊತ್ತಿಲ್ಲದ ಒಬ್ಬನಿಗೆ ಇಷ್ಟು ಹೆಗಲುಗಳು.

ರಸ್ತೆಗೆ ಹತ್ತಿರದ ದಾರಿ ಕಾಶಾಂಡ ನೆತ್ತಿಯ ಮೇಲೆಯೇ ಹೋಗುತ್ತಿತ್ತು, ಅವಳ ಅಂಗಳ ಹಾಯ್ದು. ಕಾಡಿನಿಂದ ಹೊರಬಿದ್ದ ಪ್ರವಾಸಿಗಳು ಅಲ್ಲಿ ನಿಲ್ಲದೆ ಹೋಗುವುದಿಲ್ಲ. ಆ ಅಂಗಳದ ಅಂಚಿನಿಂದ ನೋಡಿದರೆ ಕೆಳಗೆ ಮೆಟ್ಟಿಲು ಮೆಟ್ಟಿಲಾದ ಹೊಲಗಳು, ಅದರಾಚೆ ಮಂಜು ತುಂಬಿದ ಕಣಿವೆ, ಮಂಜಿನ ಮೇಲೆ ಮೂರು ಅಗ್ನಿಪರ್ವತಗಳ ತುದಿ. ಆ ಜಾಗದ ಚಿತ್ರ ಗೇಟಿನ ಕಚೇರಿಯ ಗೋಡೆಯ ಮೇಲೂ ಇತ್ತು. ಅದೇ ಅಂಚಿನಲ್ಲಿ ಚಾಪೆ ಹಾಸಿಕೊಂಡು ಪೆರಗಿಯ ದಿನವೂ ಕೂರುತ್ತಾಳೆ, ಬಿಸಿಲು ಎತ್ತ ಕಡೆಯಿಂದ ಕೆನ್ನೆಗೆ ತಾಗುತ್ತದೆ ಎಂಬುದರಿಂದ ಹೊತ್ತು ತಿಳಿಯುತ್ತಾಳೆ.

ಅವರು ಅಂಗಳಕ್ಕೆ ಬಂದಾಗ ಒಂದು ಗಂಟೆ ದಾಟಿತ್ತು. ಕುರ್ಚಿ ಇಳಿಸಿದರು. ಗೈಡ್ ಮತ್ತು ಬರಿಗ್ಯೆ ಮುದುಕನ ಎರಡು ಕಂಕುಳಿಗೆ ಕೈಕೊಟ್ಟು ಅಂಚಿನವರೆಗೆ ಕುಂಟಿಸಿಕೊಂಡು ಹೋಗಿ ಒಂದು ಕಲ್ಲಿನ ಮೇಲೆ ಕೂರಿಸಿದರು. ಅವನು ಕ್ಯಾಮೆರಾ ತೆಗೆಯಲಿಲ್ಲ. ಟೋಪಿ ತೆಗೆದು ಸುಮ್ಮನೆ ನೋಡುತ್ತ ಕುಳಿತ.

"ಯಾರು ಬಂದಿರೋದು?" ಎಂದಳು ಪೆರಗಿಯ. "ಒಂಬತ್ತು, ಹತ್ತು... ಹನ್ನೆರಡು ಜನರ ಕಾಲು ಸಪ್ಪಳ. ಫೆನೆಕಾಸಿ, ನೀನೂ ಇದೀಯಾ?"

"ಇದೀನಿ ಮುಕಾಕ."

"ಕೂತ್ಕೊಳ್ಳಿ ಎಲ್ಲರೂ. ಮಗಳೆ, ಗಡಿಗೇಲಿ ಬುಶೇರ ಇದೆ, ಕೊಡು ಅವರಿಗೆ. ಬೆಳಿಗ್ಗೆ ಕಲಸಿಟ್ಟಿದ್ದೆ, ಕಣ್ಣು ಕಾಣ್ದೆ ಇದ್ರೂ ಜೋಳದ ಹಿಟ್ಟು ಕೈಗೆ ಗೊತ್ತು."

ಕ್ಯೋಶಾಬಿರೆ ಸೋರೆ ಬುರುಡೆಗಳಲ್ಲಿ ಬುಶೇರ ತುಂಬಿ ಒಬ್ಬೊಬ್ಬರಿಗೂ ಕೊಟ್ಟಳು. ಎಲ್ಲರೂ ಕುಡಿದರು. ಅವಳು ಬೇಡವೆಂದುಕೊಂಡರೂ ಕಣ್ಣು ಖಾಲಿ ಕುರ್ಚಿಯ ಕಡೆಗೇ ಹೋಗುತ್ತಿತ್ತು. ಅತ್ತೆಯ ಚಾಪೆಗೂ ಅದಕ್ಕೂ ನಾಲ್ಕೇ ಹೆಜ್ಜೆ. ಕೊನೆಗೆ ಫೆನೆಕಾಸಿಯ ಕೈಗೆ ಬುರುಡೆ ಕೊಡುವಾಗ ಅವಳು ಅದನ್ನು ಬಿಡಲಿಲ್ಲ.

"ಅಣ್ಣ," ಎಂದಳು. ಬಹಳ ವರ್ಷದ ಮೇಲೆ ಆ ಮಾತು ಬಾಯಿಗೆ ಬಂದಿತ್ತು. "ನಾಲ್ಕು ಗಂಟೆಗೆ ಕಣ್ಣಿನವರ ಪುಸ್ತಕ ಮುಚ್ಚುತ್ತೆ. ಇವರನ್ನ ಇಳಿಸಿದ ಮೇಲೆ ಒಂದು ಸಲ ಬರ್ತೀರಾ? ಅತ್ತೆ ಹಕ್ಕಿ ಹಾಗೆ ಹಗುರ ಇದಾರೆ. ನಿನ್ನೆ ನಾನೊಬ್ಬಳೇ ಎರಡು ತಿರುವು ಹೊತ್ತೆ."

ಎಲ್ಡಾದಿ ಬುರುಡೆ ಕೆಳಗಿಟ್ಟ. "ನ್ಯಾಬೊ, ನಿಮಗೆ ಗೊತ್ತಿರೋದೇ. ಇದು ಫೆನೆಕಾಸಿ ಒಬ್ಬನ ಮಾತಲ್ಲ. ಇಪ್ಪತ್ತೆಂಟು ಮನೆ ಕೂತು ಮಾತಾಡ್ಬೇಕು."

"ಕೂರೋದು ಯಾವಾಗ?"

"ಭಾನುವಾರ, ಚರ್ಚ್ ಆದ್ಮೇಲೆ."

"ಇವತ್ತು ಬುಧವಾರ ಸೆಬೊ."

ಫೆನೆಕಾಸಿ ಕೈಯಲ್ಲಿದ್ದ ಬುರುಡೆಯೊಳಗೆ ನೋಡುತ್ತಿದ್ದ. ಕ್ಯೋಶಾಬಿರೆಗೆ ಇನ್ನು ತಡೆಯಲಾಗಲಿಲ್ಲ. "ತಪ್ಪು ಮಾಡಿದವನು ಹೊರಟುಹೋದ," ಎಂದಳು. "ಅವನು ಅಲ್ಲಿ ಬಸ್ಸಲ್ಲಿ ಓಡಾಡ್ತಾನೆ, ಡಾಕ್ಟರ ಹತ್ರ ಹೋಗ್ತಾನೆ. ಎರಿಸನ ತಪ್ಪಿಗೆ ಈ ಮುದುಕಿ ಯಾಕೆ ಇಲ್ಲಿ ಕತ್ತಲಲ್ಲಿ ಕೂತಿರ್ಬೇಕು? ಅವರೇನು ಮಾಡಿದ್ರು?"

"ಸುಮ್ಮನಿರು," ಎಂದಳು ಪೆರಗಿಯ.

"ಇಲ್ಲ ಅತ್ತೆ, ಇವತ್ತು..."

"ಸುಮ್ಮನಿರು ಅಂದೆ." ಅವಳು ಕೋಲಿಗಾಗಿ ಕೈಯಾಡಿಸಿದಳು, ಸಿಕ್ಕಿದ ಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆದರೆ ಏಳಲಿಲ್ಲ. "ತಪ್ಪು ಎರಿಸಂದಲ್ಲ. ಕೊಂಬು ಕೂಗಿದ್ದು ಅವನಿಗೆ ಕೇಳಿರ್ಲೇ ಇಲ್ಲ. ನನಗೆ ಕೇಳಿತ್ತು. ಆ ರಾತ್ರಿ ಮೂರು ಸಲ ಕೂಗ್ತು, ಮೂರು ಸಲಾನೂ ಕೇಳ್ತು."

ಬರಿಗ್ಯೆ ಅಂಚಿನಿಂದ ಇತ್ತ ತಿರುಗಿದ.

"ಅವನು ಎರಡು ದಿನ ಹಲಗೆ ಹೊತ್ತು ಬಂದು ಬಿದ್ಕೊಂಡಿದ್ದ," ಎಂದಳು ಪೆರಗಿಯ. ಅವಳ ಮುಖ ಫೆನೆಕಾಸಿ ಇದ್ದ ಕಡೆಗೆ ಇರಲಿಲ್ಲ, ಅವನ ದನಿ ಮೊದಲು ಬಂದಿದ್ದ ಕಡೆಗೆ ಇತ್ತು. "ಹೆಗಲು ಬಾತಿತ್ತು, ನಾನೇ ಶಾಖ ಕೊಟ್ಟಿದ್ದೆ. ಇವಳು ತವರಲ್ಲಿದ್ಲು. ಯಾರೋ ಕುಡುಕ ಗುಂಡಿಗೆ ಬಿದ್ದಿರ್ತಾನೆ, ಒಂದು ದಿನ ನನ್ನ ಮಗ ಮಲಗ್ಲಿ ಅಂದ್ಕೊಂಡೆ. ಹೊದಿಕೆ ಎಳೆದು ಅವನ ಕಿವಿ ಮುಚ್ಚಿದೆ. ಜೆರೆಸಿ ಅಂತ ಗೊತ್ತಿರ್ಲಿಲ್ಲ ಕಣಪ್ಪ. ಬೆಳಗಾದ್ಮೇಲೆ ಗೊತ್ತಾಯ್ತು. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ. ತಾನೇ ಸತ್ತ ಹಾಗೆ ಮಲಗಿಬಿಟ್ಟೆ ಅಂತ ಅವನೂ ನಂಬಿದ, ನಂಬ್ಕೊಂಡೇ ಊರು ಬಿಟ್ಟ. ನನ್ನ ಹೊರ್ಬೇಡಿ. ನಾನು ಇಲ್ಲೇ ಸರಿ."

ಕ್ಯೋಶಾಬಿರೆಯ ಕೈಯಲ್ಲಿದ್ದ ಗಡಿಗೆ ಒಮ್ಮೆಗೇ ಭಾರವಾಯಿತು. ಅದನ್ನು ನೆಲಕ್ಕಿಟ್ಟಳು. ಒಂಬತ್ತು ವರ್ಷ ಅವಳು ಗಂಡನನ್ನು ಬೈದುಕೊಂಡಿದ್ದಳು, ಮನಸ್ಸಿನಲ್ಲೂ, ಎಷ್ಟೋ ಸಲ ಅತ್ತೆಯ ಎದುರಿಗೂ. ಅತ್ತೆ ಒಂದು ಸಲವೂ ತಡೆದಿರಲಿಲ್ಲ. ಒಂದು ಸಲವೂ ಹೌದೆಂದಿರಲೂ ಇಲ್ಲ.

ಮುದುಕ ಪ್ರವಾಸಿ ಕಲ್ಲಿನ ಮೇಲಿಂದ, ಅಜ್ಜಿ ಏನು ಹೇಳುತ್ತಿದ್ದಾಳೆ ಎಂದು ಗೈಡನ್ನು ಕೇಳಿದ. ಗೈಡ್ ಒಂದು ಗಳಿಗೆ ಯೋಚಿಸಿ, "ಬಂದವರ ಕ್ಷೇಮ ವಿಚಾರಿಸ್ತಿದಾಳೆ" ಎಂದು ಅವನ ಭಾಷೆಯಲ್ಲಿ ಹೇಳಿದ.

ಫೆನೆಕಾಸಿ ಬುರುಡೆಯಲ್ಲಿ ಉಳಿದಿದ್ದನ್ನು ಚೆಲ್ಲಲಿಲ್ಲ. ಕುಡಿದು ಮುಗಿಸಿ ಕ್ಯೋಶಾಬಿರೆಯ ಕೈಗೆ ಕೊಟ್ಟ. "ಹೊರಡೋಣ," ಎಂದ. "ಇಳಿಜಾರು ನೆನೆದಿದೆ."

ಇಳಿಯುವಾಗ ಬರಿಗ್ಯೆ ಹಾಡಲಿಲ್ಲ. "ಬದಲಿಸಿ" ಎಂಬ ಮಾತೊಂದೇ ನೂರು ಹೆಜ್ಜೆಗೊಮ್ಮೆ ಕೇಳುತ್ತಿತ್ತು. ಕ್ಯೋಶಾಬಿರೆ ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಅಂಗಳದ ಅಂಚಿನಲ್ಲಿ ಆ ಚಿಕ್ಕ ಆಕಾರ ಕಾಣುತ್ತಿತ್ತು, ಅದು ಅವಳಿಗೆ ಬೇಕಿರಲಿಲ್ಲ. ಈ ಸಂಜೆ ಮತ್ತೆ ಆ ಮನೆಗೇ ಹತ್ತಬೇಕು, ಆ ಒಲೆಯ ಮುಂದೇ ಕೂರಬೇಕು. ಅವಳ ಹೆಣ್ಣುಮಕ್ಕಳಿಬ್ಬರೂ ದೂರದ ಶಾಲೆಯಲ್ಲಿ. ಅವಳು, ಅತ್ತೆ, ನಡುವೆ ಆ ಹೊದಿಕೆ. ಎಲ್ಲಿಗೂ ಹೋಗಲಾರದವಳು ಅತ್ತೆಯೊಬ್ಬಳೇ ಅಲ್ಲ ಎಂದು ಅವಳಿಗೆ ಆ ಇಳಿಜಾರಿನಲ್ಲಿ ಅನ್ನಿಸಿತು. ಕಾಲುಗಳು ತಮ್ಮ ಪಾಡಿಗೆ ತಾವು ಇಳಿಯುತ್ತಿದ್ದವು.

ರಸ್ತೆ ಮುಟ್ಟಿದಾಗ ಆಸ್ಪತ್ರೆಯ ಗೋಡೆ ಗಡಿಯಾರದಲ್ಲಿ ಎರಡೂಕಾಲು. ಮರಗಳ ಕೆಳಗೆ, ಜಗಲಿಯ ಮೇಲೆ, ಕಣ್ಣಿನವರಿಗಾಗಿ ಕಾದ ಜನ. ಮುದುಕನನ್ನು ಕಾರಿಗೆ ಏರಿಸಿದರು. ಅವನು ಹನ್ನೆರಡು ಜನರ ಕೈಯನ್ನೂ ಒಂದೊಂದಾಗಿ ಹಿಡಿದು ಕುಲುಕಿದ, ಕೊನೆಗೆ ಕ್ಯೋಶಾಬಿರೆಯ ಕೈಯನ್ನು. ಕುತ್ತಿಗೆಯ ಹಿಂದೆ ಇಟ್ಟುಕೊಂಡಿದ್ದ ಪುಟ್ಟ ದಿಂಬು ಕುರ್ಚಿಯಲ್ಲೇ ಉಳಿದಿತ್ತು. ಅವಳು ಅದನ್ನು ತೆಗೆದುಕೊಂಡು ಕಾರಿನ ಕಿಟಕಿಗೆ ಹೋದರೆ ಅವನು ತಲೆಯಾಡಿಸಿ, ಅದು ಅಲ್ಲೇ ಇರಲಿ ಎಂದು ಕೈ ಮಾಡಿ, ಗುಡ್ಡದ ನೆತ್ತಿಯ ಕಡೆ ತೋರಿಸಿದ. ಗೈಡ್ ದಾರಿಯಲ್ಲಿ ಅವನಿಗೆ ನಿಜ ಹೇಳಿದ್ದನೋ, ಅವನೇ ಊಹಿಸಿದ್ದನೋ. ಅವಳು ದಿಂಬನ್ನು ಮತ್ತೆ ಕುರ್ಚಿಯಲ್ಲಿಟ್ಟಳು.

ಕೆಲಸ ಮುಗಿದ ಮೇಲೆ ಕುರ್ಚಿಯ ಪಟ್ಟಿ ಬಿಚ್ಚಿ ಬಿದಿರು ಬೇರೆ ಮಾಡಿ ಒರೆಸಿಡುವುದು ರೂಢಿ. ಬರಿಗ್ಯೆ ಪಟ್ಟಿಗೆ ಕೈ ಹಾಕಿದ.

"ಬಿಚ್ಚಬೇಡ," ಎಂದ ಫೆನೆಕಾಸಿ.

ಎಲ್ಲರೂ ಅವನನ್ನು ನೋಡಿದರು.

"ಇದು ಸಂಘದ ಕೆಲಸ ಅಲ್ಲ. ನಾನು ಹೋಗ್ತಿದೀನಿ. ಬರೋರು ಬರಬಹುದು, ಬಾರದಿದ್ದೋರನ್ನ ನಾನೇನೂ ಕೇಳಲ್ಲ."

"ಸಭೆ ಕೂರದೆ ಹೊರೋದು ತಪ್ಪು," ಎಂದ ಎಲ್ಡಾದಿ. "ಅದೂ ಅವಳ ಬಾಯಿಂದ ಅಂಥ ಮಾತು ಕೇಳಿದ ಮೇಲೆ. ಇವತ್ತು ನೀನು ನಿಯಮ ಮುರಿದ್ರೆ ನಾಳೆ ಯಾರು ಕೊಂಬಿಗೆ ಓಡಿ ಬರ್ತಾರೆ? ಜೆರೆಸಿ ನನಗೂ ಚಿಕ್ಕಪ್ಪನ ಮಗಳು ಕಣಯ್ಯ."

"ಗೊತ್ತು."

"ಗೊತ್ತಿದ್ದೂ ಹೋಗ್ತೀಯ."

"ಏಳೇ ಜನ ಹೊತ್ರೆ ಹೇಗಿರುತ್ತೆ ಅಂತ ನನಗೆ ಗೊತ್ತು," ಎಂದ ಫೆನೆಕಾಸಿ. "ಯಾರೂ ಹೊರದೆ ಇದ್ರೆ ಹೇಗಿರುತ್ತೆ ಅಂತ ಆ ಮನೆಯೋರಿಗೆ ಗೊತ್ತು. ಇನ್ನು ಕಲಿಯೋದೇನಿದೆ." ಅವನು ಬಾಗಿ ಮುಂದಿನ ಕಂಬ ಹಿಡಿದ.

ಬರಿಗ್ಯೆ ಉಸ್ಸೆಂದು ಎದ್ದ. "ಹೋಗೋದಾದ್ರೆ ಬೇಗ ಹೋಗೋಣ. ಆ ಅಜ್ಜಿ ಬುಶೇರ ಇನ್ನೂ ಅರ್ಧ ಗಡಿಗೆ ಉಳಿದಿದೆ." ಅವನ ಹಿಂದೆ ಇನ್ನೂ ಐವರು ಎದ್ದರು. ಎಲ್ಡಾದಿ ಏಳಲಿಲ್ಲ. ಮಿಕ್ಕ ನಾಲ್ವರು ಅವನ ಮುಖ ನೋಡಿ ಕೂತಲ್ಲೇ ಕೂತರು. ಅವರನ್ನು ಯಾರೂ ಏನೂ ಅನ್ನಲಿಲ್ಲ.

ಫೆನೆಕಾಸಿ ಎಣಿಸಿದ. ಅವನ ತುಟಿ ಅಲುಗಿದ್ದು ಕ್ಯೋಶಾಬಿರೆಗೆ ಕಂಡಿತು. ಏಳು.

ಅಷ್ಟು ಹೊತ್ತೂ ಅವಳು ದೂರ ನಿಂತಿದ್ದಳು. ಎದೆಯಲ್ಲಿ ಸಿಟ್ಟು ಇನ್ನೂ ಇತ್ತು, ಒಲೆಯ ಬೂದಿಯೊಳಗಿನ ಕೆಂಡದ ಹಾಗೆ. ಅತ್ತೆ ನಿನ್ನೆ ಗೆಣಸಿನ ಪಾತಿಯಲ್ಲಿ ಬಿದ್ದು ನಕ್ಕಿದ್ದು ನೆನಪಾಯಿತು. ಸೊಂಟ ಮುರಿದ ಮೊದಲ ತಿಂಗಳು, ತಾನು ದಣಿದು ಮಲಗಿದ್ದಾಗ, ನೋವಿಗೆ ನರಳುವ ದನಿ ಕೇಳಿ ತನಗೆ ಎಚ್ಚರವಾಗಬಾರದೆಂದು ಅವಳು ಬಟ್ಟೆ ಕಚ್ಚಿಕೊಳ್ಳುತ್ತಿದ್ದುದೂ ನೆನಪಾಯಿತು. ಮಲಗಿದವರನ್ನು ಎಬ್ಬಿಸಲಾರದ ಹೆಂಗಸು. ಸಿಟ್ಟು ಆರಲಿಲ್ಲ. ಆದರೂ ಅವಳು ಸೆರಗಿನಂತೆ ಹೊದ್ದಿದ್ದ ಬಟ್ಟೆಯನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಎಡ ಹೆಗಲ ಮೇಲೆ ಹಾಕಿಕೊಂಡಳು. ಗಂಡಸರು ಕಂಬ ಒತ್ತದಿರಲೆಂದು ಹಾಕಿಕೊಳ್ಳುವುದು ಹಾಗೆಯೇ.

"ಹೆಂಗಸರು ಎಂಗೋಜಿ ಹೊತ್ತಿದ್ದು ಈ ಗುಡ್ಡದಲ್ಲಿ ನೋಡಿಲ್ಲ," ಎಂದ ಎಲ್ಡಾದಿ ಕೂತಲ್ಲಿಂದ.

"ಇದು ಎಂಗೋಜಿ ಅಲ್ವಲ್ಲ ಸೆಬೊ," ಎಂದಳು ಕ್ಯೋಶಾಬಿರೆ. "ಹೆಲಿಕಾಪ್ಟರ್."

ಬರಿಗ್ಯೆ ನಕ್ಕ. ಎಲ್ಡಾದಿ ನಗದಿರಲು ಬಹಳ ಪ್ರಯತ್ನಪಟ್ಟ.

ನಲವತ್ತು ನಿಮಿಷದಲ್ಲಿ ನೆತ್ತಿ ಸೇರಿದರು. ಅಂಚಿನಲ್ಲಿ ಪೆರಗಿಯ ಇರಲಿಲ್ಲ. ಒಳಗೆ, ಕತ್ತಲೆಯ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಹೆಜ್ಜೆ ಸಪ್ಪಳ ಕೇಳಿ, "ಯಾಕೆ ಬಂದ್ರಿ?" ಎಂದಳು. "ನಾನು ಬರಲ್ಲ ಅಂದೆನಲ್ಲ."

"ನಿನ್ನ ಕೇಳೋಕೆ ಹತ್ತಿ ಬಂದಿಲ್ಲ ಮುಕಾಕ," ಎಂದ ಫೆನೆಕಾಸಿ. "ನಾಲ್ಕಕ್ಕೆ ಮುಚ್ತಾರೆ."

"ಫೆನೆಕಾಸಿ, ನಾನು ಹೇಳಿದ್ದು ನಿನಗೆ ಕೇಳ್ಸಿತಾ?"

"ಕೇಳ್ಸಿತು."

ಅವಳು ಇನ್ನೂ ಏನನ್ನೋ ಕಾದಳು. ಅವನು ಅವಳನ್ನು ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದ. ಬೆನ್ನಿಗೆ ದಿಂಬು ಇಟ್ಟ. ಸೊಂಟದ ಪಟ್ಟಿಯನ್ನು ಸೊಟ್ಟಗಾದ ಮೂಳೆಗೆ ತಾಗದಂತೆ ಸ್ವಲ್ಪ ಮೇಲಕ್ಕೆ ಸರಿಸಿ, ಬಿಗಿದು, ಎರಡು ಬೆರಳು ತೂರಿಸಿ ನೋಡಿದ. "ಹಿಂದಕ್ಕೆ ಒರಗು," ಎಂದ. "ಮುಂದಕ್ಕೆ ಬಾಗಿದ್ರೆ ಮುಂದಿನೋರಿಗೆ ಭಾರ ಬೀಳುತ್ತೆ."

ಪೆರಗಿಯ ಮೆಲ್ಲಗೆ ಒರಗಿದಳು.

"ಎಡಗಡೆ ಹಿಂದಿನ ಕಂಬ ನೀನು ಹಿಡಿ," ಎಂದ ಅವನು ಕ್ಯೋಶಾಬಿರೆಗೆ. "ಉಸಿರು ಬಿಟ್ಟು ಎತ್ತು. ಕಾಲು ನೋಡ್ಕೋಬೇಡ, ಮುಂದಿನೋನ ಹಿಮ್ಮಡಿ ನೋಡು."

ಹಕ್ಕಿಯ ಹಾಗೆ ಹಗುರ ಎಂದಿದ್ದಳು. ಹಗುರವೇನೂ ಇರಲಿಲ್ಲ. ಇಳಿಜಾರಿನಲ್ಲಿ ಕಂಬ ಮೂಳೆಯ ಮೇಲೆ ಕೂತು ತೋಳಿನವರೆಗೂ ಜೋಮು ಹಿಡಿಯಿತು. "ಬದಲಿಸಿ" ಎಂದಾಗ ಬದಲಿಯವನು ಹೆಗಲು ಕೊಟ್ಟ, ಅವಳು ಹೊರಬಂದಳು, ನೂರು ಹೆಜ್ಜೆಯ ಮೇಲೆ ಮತ್ತೆ ಒಳಗೆ ಹೋದಳು. ಮೇಲಿನಿಂದ ಪೆರಗಿಯ ಒಮ್ಮೆ, "ಹಿಂದೆ ಎಡಕ್ಕಿರೋದು ಯಾರು? ಹೆಜ್ಜೆ ಚಿಕ್ಕದಿದೆ," ಎಂದಳು.

"ನಾನು ಅತ್ತೆ."

ಮೇಲಿದ್ದವಳು ಕುರ್ಚಿಯ ಅಂಚನ್ನು ಹಿಡಿದುಕೊಂಡಳು. ಆಮೇಲೆ, "ಹೆಗಲು ನೋವಾಗಲ್ವಾ?"

"ಆಗುತ್ತೆ."

"ಸಂಜೆ ಶಾಖ..." ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಕ್ಯೋಶಾಬಿರೆ ಮುಂದಿನವನ ಹಿಮ್ಮಡಿ ನೋಡುತ್ತ ನಡೆದಳು. ಸ್ವಲ್ಪ ದೂರ ಹೋದ ಮೇಲೆ, "ಕೊಡಿ," ಎಂದಳು.

ಜೆರೆಸಿ ತೀರಿಕೊಂಡ ಹಳ್ಳ ಬಂತು. ಎಂಗೋಜಿ ಹೊರುವವರು ಆ ಜಾಗದಲ್ಲಿ ನಿಲ್ಲುವುದಿಲ್ಲ, ಹೆಗಲು ಬದಲಿಸುವುದೂ ಇಲ್ಲ. ಒಂಬತ್ತು ವರ್ಷದಿಂದ ಬಾಯಿ ಮುಚ್ಚಿ ದಾಟಿಬಿಡುತ್ತಾರೆ. ಕ್ಯೋಶಾಬಿರೆಯ ನೂರು ಹೆಜ್ಜೆ ಆಗಲೇ ಮುಗಿದಿತ್ತು. ಇನ್ನು ಹತ್ತು ಹೆಜ್ಜೆ ಎಂದು ಹಲ್ಲು ಕಚ್ಚಿದಳು. ನೀರಿನ ನಡುವಿನ ಕಲ್ಲಿನ ಮೇಲೆ ಕಾಲಿಡುತ್ತಿದ್ದಂತೆ ಮುಂದಿನಿಂದ ಫೆನೆಕಾಸಿಯ ದನಿ ಬಂತು.

"ಬದಲಿಸಿ."

ಅಲ್ಲಿಯೇ, ನೀರಿನ ನಡುವೆ, ಕಂಬ ಅವಳ ಹೆಗಲಿನಿಂದ ಬರಿಗ್ಯೆಯ ಹೆಗಲಿಗೆ ಜಾರಿತು. ಕುರ್ಚಿ ಅಲುಗಲೂ ಇಲ್ಲ.

ಆಸ್ಪತ್ರೆಯ ಜಗಲಿ ಸೇರಿದಾಗ ಗಡಿಯಾರದಲ್ಲಿ ನಾಲ್ಕಾಗಲು ಐದು ನಿಮಿಷ. ಕಾದಿದ್ದ ಜನ ಕರಗಿದ್ದರು. ಎಲ್ಡಾದಿ ಬಾಗಿಲ ಬಳಿ ನಿಂತು ನರ್ಸಿಗೆ ಏನೋ ಹೇಳುತ್ತಿದ್ದ, ಇವರನ್ನು ಕಂಡದ್ದೇ ಮಾತು ನಿಲ್ಲಿಸಿ ಬೇರೆ ಕಡೆ ನೋಡತೊಡಗಿದ. ನರ್ಸು, "ಈ ಸೆಬೊ ಅರ್ಧ ಗಂಟೆಯಿಂದ ನನ್ನ ಬಾಗಿಲು ಹಾಕೋಕೆ ಬಿಡ್ತಿಲ್ಲ," ಎಂದಳು. "ಇವರೇನಾ ಆ ಅಜ್ಜಿ?"

ಪೆರಗಿಯಳ ರೆಪ್ಪೆ ಎತ್ತಿ ಬೆಳಕು ಬಿಟ್ಟು ನೋಡಿದರು. ಎರಡೂ ಕಣ್ಣಿನ ಪೊರೆ ಬಲಿತಿದೆ, ನಾಳೆ ಬೆಳಿಗ್ಗೆ ಒಂದು ಕಣ್ಣಿನದನ್ನು ತೆಗೆಯಬಹುದು ಎಂದರು. ನರ್ಸು ಪುಸ್ತಕ ಬಿಚ್ಚಿದಳು. ಹೆಸರು, ಗುಡ್ಡ, ವಯಸ್ಸು. ಆಮೇಲಿನ ಅಂಕಣದಲ್ಲಿ ಪೆನ್ನು ನಿಂತಿತು.

"ಯಾವ ಎಂಗೋಜಿ ಸಂಘ?"

ಎರಡು ವರ್ಷದ ಹಿಂದೆ, ಅತ್ತೆಯ ಸೊಂಟಕ್ಕೆ ಮಾತ್ರೆ ಕೇಳಲು ಕ್ಯೋಶಾಬಿರೆ ಒಬ್ಬಳೇ ಬಂದಾಗಲೂ ಇದೇ ಪ್ರಶ್ನೆ ಕೇಳಿದ್ದರು. ಅಂದು ಆ ಅಂಕಣ ಖಾಲಿ ಉಳಿದಿತ್ತು. ಕ್ಯೋಶಾಬಿರೆ ಬಾಯಿ ತೆರೆದಳು, ಯಾವುದೂ ಇಲ್ಲ ಎನ್ನಲು.

"ಕಾಶಾಂಡ," ಎಂದ ಫೆನೆಕಾಸಿ ಅವಳ ಹಿಂದಿನಿಂದ.

ನರ್ಸು ಬರೆದುಕೊಂಡಳು. ಎಲ್ಡಾದಿ ಕೆಮ್ಮಿದ. "ಭಾನುವಾರ ಸಭೆ ಇದೆ," ಎಂದ, ಯಾರಿಗೂ ಅಲ್ಲ ಎಂಬಂತೆ. "ಚರ್ಚ್ ಆದ್ಮೇಲೆ. ಆ ಮನೆಯಿಂದ ಒಬ್ಬರು ಬರ್ಬೇಕು."

"ಬರ್ತೀನಿ," ಎಂದಳು ಕ್ಯೋಶಾಬಿರೆ. ಹೆಗಲ ಮೇಲಿನ ಬಟ್ಟೆ ಬೆವರಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಕೊಡವಿ, ಅತ್ತೆಯ ಕಾಲಿಗೆ ಹೊದಿಸಿದಳು.